ಬಿಸಿಲು ಕಾಣದ ದೂಳು

ಯಮನೂರಪ್ಪ ಸುರಂಗದೊಳಗೆ ಒಂದು ದಿನವೂ ಕಾಲಿಟ್ಟವನಲ್ಲ ಎಂದು ಕಂಪನಿಯ ವಕೀಲರು ಹೇಳಿದಾಗ, ಫಕೀರವ್ವ ಮೊದಲು ತಾನೇ ತಪ್ಪು ಕೇಳಿಸಿಕೊಂಡೆ ಅಂದುಕೊಂಡಳು. ಗಂಡ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಅವನು ಬಿಳಿಗಲ್ಲ ಗುಡ್ಡದ ಹೊಟ್ಟೆಯೊಳಗೆ ಡ್ರಿಲ್ ಹಿಡಿದು ದುಡಿದವನೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಯಾರಾದರೂ ಇಲ್ಲ ಎನ್ನಬಹುದು ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ರೋಗಕ್ಕೆ ಕಾರಣ ಯಾವುದು, ಪರಿಹಾರ ಎಷ್ಟು ಎಂದು ವಾದ ನಡೆದೀತು ಅಂದುಕೊಂಡು ಬಂದವಳ ಮುಂದೆ ಗಂಡನ ದುಡಿಮೆಯೇ ಸುಳ್ಳಾಗಿ ಹೋಯಿತು.

ಆ ಸುರಂಗ ಸಣ್ಣ ಕೆಲಸವೇನಲ್ಲ. ಗುಡ್ಡದಾಚೆಯ ಹೊಳೆಯ ನೀರನ್ನು ಈಚೆಯ ಕೆರೆಗಳಿಗೆ ತಿರುಗಿಸಲು ಗುಡ್ಡದ ಬುಡದಲ್ಲಿ ಉದ್ದಕ್ಕೂ ಕೊರೆದದ್ದು. ಸುತ್ತಲ ಊರುಗಳ ಗಟ್ಟಿಮುಟ್ಟಾದ ಗಂಡಸರೆಲ್ಲ ಅಲ್ಲಿಗೆ ಹೋದವರೇ. ಗುಡ್ಡದೊಳಗೆ ಬೆಣಚುಕಲ್ಲಿನ ಬಿಳಿ ಪಟ್ಟೆಗಳು ಹಾಯ್ದಿದ್ದವು. ಡ್ರಿಲ್ಲಿನ ಮೊನೆ ಆ ಪಟ್ಟೆಗೆ ತಾಗಿದರೆ ಏಳುವ ದೂಳು ಜೋಳದ ಹಿಟ್ಟಿಗಿಂತ ನುಣ್ಣಗೆ. ಮೂಗಿಗೆ ಕಟ್ಟಿಕೊಂಡ ಬಟ್ಟೆ ಅದಕ್ಕೆ ಅಡ್ಡಿಯೇ ಅಲ್ಲ. ನೀರು ಚಿಮ್ಮಿಸುತ್ತ ಕೊರೆದರೆ ದೂಳು ಏಳದೆ ಕೆಸರಾಗಿ ಇಳಿಯುತ್ತದೆ. ಆದರೆ ಕೆಸರು ಬಳಿಯುತ್ತ ಕೂತರೆ ಕೆಲಸ ಹಿಂದೆ ಬೀಳುತ್ತದೆಂದು ಗುತ್ತಿಗೆದಾರ ನೀರಿನ ಪೈಪನ್ನೇ ಬಿಚ್ಚಿಸಿ ಹಾಕಿದ್ದ.

ಸುರಂಗದ ಬಾಯಲ್ಲಿ ಮುಖ ಗುರುತಿಸುವ ಗೇಟು ಇತ್ತು. ಒಳಗೆ ಹೋದವರು ಯಾರು, ಹೊರಗೆ ಬಂದವರು ಯಾರು ಎಂಬುದನ್ನು ಕಂಪ್ಯೂಟರು ತಾನೇ ನೋಡಿಕೊಳ್ಳುತ್ತಿತ್ತು. ಡ್ರಿಲ್ ಹಿಡಿಯುವವರನ್ನು ಮಾತ್ರ ಆ ಗೇಟಿನಿಂದ ಕಳಿಸುತ್ತಿರಲಿಲ್ಲ. ಒಡೆದ ಕಲ್ಲು ಸಾಗಿಸುವ ಖಾಲಿ ಡಬ್ಬಿಗಳಲ್ಲಿ ಕೂರಿಸಿ, ಪಕ್ಕದ ಹಳಿಯ ಮೇಲೆ ಒಳಕ್ಕೆ ಒಯ್ಯುತ್ತಿದ್ದರು. ಹೀಗೆ ಕಂಪ್ಯೂಟರಿನ ಕಣ್ಣಿಗೆ ಯಮನೂರಪ್ಪ ಹೊರಗಿನ ಬಯಲಲ್ಲಿ ನೀರು ಹೊರುವ ಕೂಲಿಯಾಗಿಯೇ ಉಳಿದ. ಗೇಟಿಗೆ ಯಾರ ಮೇಲೂ ಹಗೆಯಿಲ್ಲ, ಯಾರ ಮೇಲೂ ಮಮತೆಯಿಲ್ಲ ಎಂದು ವಕೀಲರು ಮೆಲುದನಿಯಲ್ಲಿ ಹೇಳಿದರು. ರಸ್ತೆಯ ದೂಳನ್ನು ಎಲ್ಲರೂ ಕುಡಿಯುತ್ತಾರೆ, ಈತ ಬೀಡಿಯನ್ನೂ ಸೇದುತ್ತಿದ್ದ, ಕ್ಷಯವೆಂದು ಬರೆದ ಚೀಟಿಯೂ ಇದೆ ಎಂದರು.

ಕಾರ್ಮಿಕ ಪರಿಹಾರದ ಆಯುಕ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೇರೆ ಏನಾದರೂ ಸಾಕ್ಷಿ ಇದೆಯೇ ಎಂದು ಫಕೀರವ್ವನನ್ನೇ ಕೇಳಿದರು.

"ಅಂವ ಮನಿಗೆ ಬರೂಮುಂದ ಬೆಳ್ಳಗ ಬರ್ತಿದ್ದರಿ" ಎಂದಳು ಅವಳು. "ಹುಬ್ಬು, ಕಣ್ಣೆವಿ, ಕಿವ್ಯಾಗಿನ ಕೂದಲಾ, ಎಲ್ಲಾ ಬೆಳ್ಳಗರಿ. ಹೊರಗ ನೀರು ಹೊತ್ತಾಂವ ಹಂಗ ಬರ್ತಾನೇನ್ರಿ?"

ಅದನ್ನು ಬರೆದುಕೊಂಡರು. ಜೊತೆಯಲ್ಲಿ ಡ್ರಿಲ್ ಹಿಡಿದಿದ್ದ ಹುಲಗಪ್ಪನೂ ಸಾಕ್ಷಿ ಹೇಳಿದ. ಆದರೆ ಅವನದೇ ಒಂದು ಅರ್ಜಿ ಅದೇ ಕಚೇರಿಯಲ್ಲಿತ್ತು. ಪರಿಹಾರ ಬೇಕಾದವನ ಮಾತು ನಂಬುವುದು ಹೇಗೆಂದು ವಕೀಲರು ಕೇಳಿದರು. ಉಳಿದ ಜೊತೆಗಾರರಲ್ಲಿ ಕೆಲವರು ಮಣ್ಣು ಸೇರಿದ್ದರು, ಕೆಲವರು ಇನ್ನೂ ಕಂಪನಿಯ ಕೂಲಿಯಲ್ಲೇ ಇದ್ದರು. ಆಯುಕ್ತೆ ಅರ್ಜಿಯನ್ನು ತಳ್ಳಿಹಾಕಲಿಲ್ಲ, ಎತ್ತಿಹಿಡಿಯಲೂ ಇಲ್ಲ. ಸಾಕ್ಷ್ಯ ಸಾಲದೆಂದು ಹೇಳಿ ಮುಂದಿನ ತಾರೀಖು ಕೊಟ್ಟರು.

ಮನೆಗೆ ಬಂದ ಫಕೀರವ್ವ ಅತ್ತೆಗೆ ಏನೂ ಹೇಳಲಿಲ್ಲ. ಫಕೀರವ್ವ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಕೊಡುತ್ತಿದ್ದಳು. ಹಿಟ್ಟು ನಾದುತ್ತ ಕೂತರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ತಲೆಯೂ ಹಾಗೆಯೇ. ಕಡೆಯ ತಿಂಗಳುಗಳಲ್ಲಿ ಯಮನೂರಪ್ಪ ಮಲಗುವುದನ್ನೇ ಬಿಟ್ಟಿದ್ದ. ಗೋಡೆಗೆ ಚೀಲ ಒರಗಿಸಿ ಕೂತೇ ನಿದ್ದೆ. ಮಗಳು ಬಂದು ತೊಡೆಯೇರಿದರೆ ಅವಳ ಭಾರಕ್ಕೇ ಉಸಿರು ಸಿಕ್ಕಿಬೀಳುತ್ತಿತ್ತು, ಆದರೂ ಇಳಿಸುತ್ತಿರಲಿಲ್ಲ. ತಾಯಿ ದುರಗವ್ವ ಪಕ್ಕದಲ್ಲಿ ಕೂತರೆ ಅವಳಿಗೆ ಗುಡ್ಡದ ಒಳಗಿನ ಸುದ್ದಿ ಹೇಳುತ್ತಿದ್ದ. ಅಲ್ಲಿನ ಕತ್ತಲು ಇಲ್ಲಿಯದರ ಹಾಗಲ್ಲ, ಕೈಗೆ ಸಿಗುವ ಹಾಗಿರುತ್ತದೆ. ಕಲ್ಲಿಗೆ ಕಿವಿ ಹಚ್ಚಿದರೆ ಒಳಗೆಲ್ಲೋ ನೀರು ತೊಟ್ಟಿಕ್ಕುವ ಸದ್ದು. ತಲೆಯ ದೀಪ ತಾಗಿದರೆ ಬಿಳಿ ಪಟ್ಟೆ ಹಾಲಿನ ಹಾಗೆ ಕಾಣುತ್ತದೆ. ಮುದುಕಿ ಎಲೆಯಡಿಕೆ ಮೆಲ್ಲುತ್ತ ಕೇಳುತ್ತಿದ್ದಳು.

ಆ ಚಳಿಗಾಲದಲ್ಲಿ ಹುಲಗಪ್ಪನನ್ನು ಧಾರವಾಡಕ್ಕೆ ಕರೆಸಿದರು. ಅವನ ಉಸಿರಾಟ ಹದಗೆಟ್ಟು, ಎದೆಯ ಡಾಕ್ಟರೊಬ್ಬರು ಉಪ್ಪುನೀರು ಬಿಟ್ಟು ಶ್ವಾಸಕೋಶ ತೊಳೆದಿದ್ದರು. ಹೊರಬಂದ ನೀರು ಹಾಲಿನಂತೆ ಬೆಳ್ಳಗಿತ್ತು. ಆ ನೀರಿನಲ್ಲಿ ಏನಿದೆ ಎಂಬ ಕುತೂಹಲಕ್ಕೆ ಡಾಕ್ಟರು ಒಂದಿಷ್ಟನ್ನು ಕಪ್ಪು ಸೀಸೆಯಲ್ಲಿ ತಮ್ಮ ಪರಿಚಯದ ಜೋಹರಾ ನದಾಫರಿಗೆ ಕಳಿಸಿದ್ದರು. ಜೋಹರಾ ಭೂವಿಜ್ಞಾನಿ. ಬತ್ತಿದ ನದಿಗಳ ಮರಳು ಎಷ್ಟು ಹಳೆಯದು ಎಂದು ಅಳೆಯುವುದು ಅವರ ಕೆಲಸ. ಹಿಟ್ಟಿಗಿಂತ ಸಣ್ಣ ಕಣವನ್ನೂ ಒಂದೊಂದಾಗಿ ಓದಬಲ್ಲ ಹೊಸ ಯಂತ್ರವನ್ನು ಅವರು ಹಲವು ವರ್ಷ ಹೆಣಗಿ ಕಟ್ಟಿದ್ದರು. ಆ ಯಂತ್ರದಲ್ಲಿ ಹುಲಗಪ್ಪನ ದೂಳು ಕಂಡಾಗ, ಮನುಷ್ಯನ ಎದೆಯಿಂದ ಬಂದದ್ದು ಹೀಗೆ ಇರಲು ಸಾಧ್ಯವೇ ಇಲ್ಲವೆಂದು ಅವರು ಮತ್ತೆ ಮತ್ತೆ ಸೀಸೆ ತಿರುಗಿಸಿ ಹೆಸರು ನೋಡಿದ್ದರಂತೆ. ಆಮೇಲೆ, ಆ ಮನುಷ್ಯನನ್ನೇ ಒಮ್ಮೆ ಕಾಣಬೇಕೆಂದು ಹೇಳಿ ಕಳಿಸಿದ್ದರು.

ಹುಲಗಪ್ಪನ ಹೆಂಡತಿ ಕಬ್ಬು ಕಡಿಯಲು ದೂರದ ಸೀಮೆಗೆ ಹೋಗಿದ್ದಳು. ಬಸ್ಸಿನಲ್ಲಿ ಒಬ್ಬನೇ ಹೋಗುವ ಶಕ್ತಿ ಅವನಿಗಿರಲಿಲ್ಲ. ತಂಗಿ, ನೀನಾದರೂ ಜೊತೆಗೆ ಬಾ ಎಂದು ಕೇಳಿದ. ಫಕೀರವ್ವ ಒಂದು ದಿನದ ರೊಟ್ಟಿ ನಿಲ್ಲಿಸಿ ಹೊರಟಳು.

ಪ್ರಯೋಗಾಲಯದ ಒಳಕೋಣೆಗೆ ಕಿಟಕಿಯಿರಲಿಲ್ಲ. ಎರಡು ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಒಳಗೆ ಕೆಂಡದಂಥ ಮಂಕು ಕೆಂಪು ದೀಪ. ಜೋಹರಾ ಐವತ್ತರ ಹೆಂಗಸು, ತಲೆಗೆ ದುಪಟ್ಟ ಸುತ್ತಿದ್ದರು. ಇಬ್ಬರನ್ನೂ ಕುರ್ಚಿಯ ಮೇಲೆ ಕೂರಿಸಿ ತಾವು ನಿಂತೇ ಮಾತಾಡಿದರು. ಬೆಣಚುಕಲ್ಲಿಗೆ ಒಂದು ಗುಣವಿದೆ ಎಂದರು. ಭೂಮಿಯೊಳಗಿನ ಎಲ್ಲ ಬಂಡೆಗಳಲ್ಲೂ ಕಣ್ಣಿಗೆ ಕಾಣದ ಕಿರಣಗಳು ಅತಿ ಸೂಕ್ಷ್ಮವಾಗಿ ಹೊಮ್ಮುತ್ತಲೇ ಇರುತ್ತವೆ. ಆ ಶಕ್ತಿಯ ಚೂರುಗಳು ಬೆಣಚಿನ ಹರಳಿನ ಸಣ್ಣ ಸಣ್ಣ ಕುಳಿಗಳಲ್ಲಿ ಸಿಕ್ಕಿಕೊಂಡು ಕೂಡುತ್ತ ಹೋಗುತ್ತವೆ. ಕತ್ತಲಲ್ಲಿರುವವರೆಗೆ ಕೂಡುತ್ತವೆ. ಬಿಸಿಲು ತಾಗಿತೋ, ಕೂಡಿದ್ದೆಲ್ಲ ಕೆಲವೇ ಗಳಿಗೆಯಲ್ಲಿ ಖಾಲಿ. ಈ ಮಂಕು ಕೆಂಪು ದೀಪ ಮಾತ್ರ ಅದನ್ನು ಕದಡುವುದಿಲ್ಲ. ಕತ್ತಲಲ್ಲೇ ತೆಗೆದು ಅದಕ್ಕೆ ನಾವು ಒಂದಿಷ್ಟು ಹಸಿರು ಬೆಳಕು ತಾಗಿಸಿದರೆ, ಕೂಡಿಟ್ಟಿದ್ದನ್ನು ನೀಲಿ ಬೆಳಕಾಗಿ ಬಿಟ್ಟುಕೊಡುತ್ತದೆ. ಹೆಚ್ಚು ಬೆಳಕು ಬಂದರೆ ಹೆಚ್ಚು ಕಾಲ ಕತ್ತಲಲ್ಲಿತ್ತು ಎಂದರ್ಥ.

"ರಸ್ತೆದ್ದಾಗಲಿ, ಬಯಲಿಂದಾಗಲಿ, ಬಿಸಿಲು ಕಂಡ ದೂಳು ಖಾಲಿ ಇರ್ತೈತ್ರಿ" ಎಂದರು ಜೋಹರಾ. "ಅದು ಎದಿಯೊಳಗ ನಾಕಾರು ವರ್ಷ ಇದ್ದರೂ ಹನಿಯಷ್ಟೇ ತುಂಬತೈತಿ. ಈಗ ಹುಲಗಪ್ಪನವರದು ನೋಡ್ರಿ."

ಕೆಂಪು ದೀಪವನ್ನೂ ಆರಿಸಿದರು. ಎದುರಿನ ಪರದೆ ಮೊದಲು ಬರಿ ಕಪ್ಪಗಿತ್ತು. ಯಂತ್ರದೊಳಗೆ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಪರದೆಯ ಒಂದು ಮೂಲೆಯಲ್ಲಿ ಒಂದು ಚುಕ್ಕೆ ಹೊತ್ತಿತು, ಪಕ್ಕದಲ್ಲೇ ಮತ್ತೊಂದು, ನೋಡನೋಡುತ್ತ ಪರದೆಯ ತುಂಬ ನೀಲಿ ಚುಕ್ಕೆಗಳು. ಕೆಲವು ಉರಿಯುವಂತಿದ್ದವು, ಕೆಲವು ಮಿಣುಕುತ್ತಿದ್ದವು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಕಾಣುವ ಆಕಾಶವನ್ನು ಯಾರೋ ಕೆಳಗಿಳಿಸಿ ಕಣ್ಣೆದುರು ಹಿಡಿದ ಹಾಗೆ. ಫಕೀರವ್ವ ತನಗೇ ಗೊತ್ತಿಲ್ಲದೆ ಎರಡೂ ಕೈ ಜೋಡಿಸಿದ್ದಳು.

ಚುಕ್ಕೆಗಳು ಕ್ರಮೇಣ ಮಂಕಾದವು. ಒಂದೊಂದೇ ಆರಿ, ಪರದೆ ಮತ್ತೆ ಕಪ್ಪಾಯಿತು.

ಈ ಕಣಗಳು ಒಮ್ಮೆಯೂ ಬಿಸಿಲು ಕಂಡಿಲ್ಲ ಎಂದು ಜೋಹರಾ ಕತ್ತಲಲ್ಲೇ ಹೇಳಿದರು. ಬಂಡೆಯ ಗರ್ಭದಿಂದ ಎದ್ದವು ನೇರವಾಗಿ ಇವರ ಎದೆಯ ಕತ್ತಲಿಗೆ ಇಳಿದಿವೆ. ಸುರಂಗದೊಳಗೆ ನಿಂತು ಉಸಿರಾಡದೆ ಇದು ಆಗುವ ಮಾತಲ್ಲ. ಇವು ಬೆಳಕು ಕೂಡಿಡಲು ತೊಡಗಿ ಲಕ್ಷಾಂತರ ವರ್ಷವಾಯಿತು; ಆಗ ಈ ನೆಲದ ಮೇಲೆ ಮನುಷ್ಯರು ಇದ್ದರೋ ಇಲ್ಲವೋ.

"ಅಂದ್ರ ಇದು ನನ್ನೊಳಗ ಇತ್ತೇನ್ರಿ ಬಾಯಾರ?" ಎಂದ ಹುಲಗಪ್ಪ. ಉಸಿರು ಎಳೆದುಕೊಂಡು, ತಡೆದು, ಮತ್ತೆ ಕೇಳಿದ. "ಇನ್ನೂ ಐತೇನ್ರಿ?"

ಇದೆ ಎಂದರು ಜೋಹರಾ. ತೊಳೆದು ತೆಗೆದದ್ದು ಸ್ವಲ್ಪ, ಒಳಗೆ ಕಚ್ಚಿಕೊಂಡದ್ದೇ ಹೆಚ್ಚು. ಅದನ್ನು ಅವರು ಮುಚ್ಚಿಡಲಿಲ್ಲ. ಹುಲಗಪ್ಪ ತನ್ನ ಎದೆಯ ಮೇಲೆ ಅಂಗೈಯಿಟ್ಟುಕೊಂಡ. ತನ್ನನ್ನು ಕೊಲ್ಲುತ್ತಿರುವುದು ಇಷ್ಟು ಚೆಂದ ಇದೆಯಲ್ಲ ಎಂದು ಬಸ್ಸಿನಲ್ಲಿ ಅವನು ಫಕೀರವ್ವನಿಗೆ ಹೇಳಿದ್ದು, ಆಮೇಲೆ.

ಹೊರಗೆ ಬಂದಾಗ ಹಗಲಿನ ಬೆಳಕಿಗೆ ಕಣ್ಣು ಚುಚ್ಚಿತು. ಜೋಹರಾ ಚಹ ತರಿಸಿದರು. ಫಕೀರವ್ವನ ಗಂಡನ ಸುದ್ದಿ ಹುಲಗಪ್ಪನಿಂದ ಅವರ ಕಿವಿಗೆ ಬಿದ್ದಿತ್ತು. ಲೋಟ ಕೈಯಲ್ಲಿ ಹಿಡಿದು ಕುಡಿಯದೆ ನಿಂತರು. 

"ಫಕೀರವ್ವಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮನಿಯವರನ್ನ ಸುಟ್ಟಿರೇನು, ಮಣ್ಣು ಕೊಟ್ಟಿರೇನು?"

"ಮಣ್ಣು ಕೊಟ್ಟೀವ್ರಿ."

ಎದೆಯೊಳಗೆ ಹೊಕ್ಕ ಕಲ್ಲಿನ ದೂಳನ್ನು ದೇಹ ಸುಮ್ಮನೆ ಬಿಡುವುದಿಲ್ಲ ಎಂದು ಜೋಹರಾ ಬಿಡಿಸಿ ಹೇಳಿದರು. ಅದರ ಸುತ್ತ ಪದರ ಪದರವಾಗಿ ಗೋಡೆ ಕಟ್ಟಿ ಗಂಟು ಮಾಡುತ್ತದೆ, ಉಳಿದ ಜಾಗಕ್ಕೆ ಅದು ಹರಡದಿರಲೆಂದು. ಆ ಗಂಟುಗಳು ಹೆಚ್ಚಾಗಿಯೇ ಉಸಿರಾಡಲು ತಾವಿಲ್ಲದಂತಾಗುವುದು. ಮೈಯ ಮಾಂಸ ಮಣ್ಣಾದರೂ ಆ ಗಂಟುಗಳು ಬೇಗ ಕರಗುವುದಿಲ್ಲ. ಅವುಗಳೊಳಗಿನ ದೂಳು ಅವನ ಎದೆಯದೇ ಹೊರತು ಗೋರಿಯ ಮಣ್ಣಿನದಲ್ಲ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಎದೆಯಂತೆಯೇ ಮಣ್ಣಿನೊಳಗೂ ಕತ್ತಲೇ ಇರುವುದರಿಂದ, ಅದು ಇನ್ನೂ ಹಾಗೇ ಇರಬೇಕು.

ಗೋರಿ ತೆಗೆಸಲು ಒಪ್ಪುವಿರಾ ಎಂದು ಅವರು ಕೇಳುತ್ತಿರುವುದು ಫಕೀರವ್ವನಿಗೆ ಅರ್ಥವಾಯಿತು. ಅತ್ತೆಯನ್ನು ಕೇಳಬೇಕು ಎಂದಷ್ಟೇ ಹೇಳಿದಳು.

ಅತ್ತೆ ಒಪ್ಪಲಿಲ್ಲ. ಸೊಸೆ ಎಲ್ಲವನ್ನೂ ಹೇಳಿ ಮುಗಿಸುವ ತನಕ ಮುದುಕಿ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ತಲೆಯೆತ್ತಿ ಹೇಳಿದಳು: "ನನ್ನ ಮಗಾ ಕಡೀಕ ಅಡ್ಡಾಗಿ ಮಲಗಿದ್ದು ಅಲ್ಲೇ. ಮನ್ಯಾಗ ಕುಂತಾ ನಿದ್ದಿ ಮಾಡ್ತಿದ್ದ. ಅಲ್ಲಿ ಮಲಗ್ಯಾನ. ಅಂವನ್ನ ಎಬ್ಬಸಬ್ಯಾಡ ಯವ್ವಾ."

 ಫಕೀರವ್ವ ಬಲವಂತ ಮಾಡಲಿಲ್ಲ. ಕೆಲವು ದಿನ ಮನೆಯಲ್ಲಿ ಆ ಮಾತೇ ಏಳಲಿಲ್ಲ. ಅಷ್ಟರಲ್ಲಿ ಸುದ್ದಿ ಊರಿಗೆ ಹರಡಿತು. ಹೆಣ ಅಗೆಯುವುದು ಕೆಟ್ಟದ್ದು ಎಂದರು ಕೆಲವರು. ಬದುಕಿದ್ದವರಿಗೆ ಸಿಗದ್ದು ಸತ್ತವರಿಗೆ ಸಿಗುತ್ತದೆಯೇ ಎಂದು ನಕ್ಕರು ಕೆಲವರು. ಗಂಡಂದಿರನ್ನು ಅದೇ ಗುಡ್ಡಕ್ಕೆ ಕೊಟ್ಟು ಕೂತಿದ್ದ ಬೇರೆ ಊರಿನ ಹೆಂಗಸರೂ ಬಂದು, ನೀನು ಏನು ಮಾಡುತ್ತೀ ಎಂದು ಬಾಗಿಲಲ್ಲಿ ನಿಂತು ಕೇಳಿಹೋದರು. ಅವರಲ್ಲಿ ಒಬ್ಬಳು ದುರಗವ್ವನ ಮುಂದೆಯೇ, ಕಂಪನಿಯವರು ನಿಮ್ಮ ಮಗ ಒಳಗೆ ಹೋಗಿಯೇ ಇಲ್ಲ ಅಂದರಂತಲ್ಲ ಅಮ್ಮಾ ಎಂದುಬಿಟ್ಟಳು.

ಮುದುಕಿಗೆ ಅದು ಗೊತ್ತಿರಲಿಲ್ಲ. ಆ ಹೆಂಗಸು ಹೋದ ಮೇಲೆ ಸೊಸೆಯನ್ನು ಕರೆದು ಕೇಳಿದಳು. ಫಕೀರವ್ವ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಈಗ ಹೇಳಬೇಕಾಯಿತು.

"ಹಂಗಾದ್ರ ಅಂವ ನಂಗ ಹೇಳಿದ್ದು?" ಎಂದಳು ದುರಗವ್ವ. "ಕತ್ತಲದ ಸುದ್ದಿ? ನೀರಿನ ಸಪ್ಪಳದ ಸುದ್ದಿ? ಅದೆಲ್ಲಾ ಕಟ್ಟಿ ಹೇಳಿದ್ನೇನು?"

"ಅವ್ರು ಹಂಗಂತಾರ, ಅತ್ತಿ."

ಮುದುಕಿ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು, ತಾನೂ ಆ ಕೋಣೆಗೆ ಬರುತ್ತೇನೆ, ನನ್ನ ಕಣ್ಣಿಗೂ ಅದನ್ನು ತೋರಿಸಬೇಕು ಎಂದಳು. ಇನ್ನೊಂದು ಮಾತು: ತೆಗೆದದ್ದನ್ನು ವಾಪಸು ತಂದು ಇಟ್ಟ ಜಾಗದಲ್ಲೇ ಇಡಬೇಕು. ಆಮೇಲೆ ಬೇಕಾದ್ದು ಮಾಡಿರಿ ಎಂದಳು.

ಆಯುಕ್ತೆಯ ಆದೇಶ, ತಹಸೀಲ್ದಾರರ ಅನುಮತಿ ಆಗುವ ಹೊತ್ತಿಗೆ ಚಳಿ ಮುಗಿದು ಬಿಸಿಲು ಬಲಿತಿತ್ತು. ನೆತ್ತಿಯ ಮೇಲೆ ಸೂರ್ಯ ಇದ್ದಾಗಲೇ ಗೋರಿಯ ಮೇಲೆ ದಪ್ಪ ಕರಿ ಬಟ್ಟೆಯ ಡೇರೆ ಎತ್ತಿದರು. ಅಂಚುಗಳಿಗೆ ಮಣ್ಣು ಒತ್ತಿ ಬೆಳಕಿನ ಎಳೆಯೂ ನುಸುಳದಂತೆ ಮಾಡಿದರು. ಹೊರಗೆ ಕಣ್ಣು ಕುಕ್ಕುವ ಹಗಲು, ಒಳಗೆ ಮಂಕು ಕೆಂಪು ದೀಪ. ಅಗೆಯುವ ಇಬ್ಬರು, ಸರ್ಕಾರಿ ಡಾಕ್ಟರು, ಜೋಹರಾ, ಫಕೀರವ್ವ. ದುರಗವ್ವ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದಳು.

ಫಕೀರವ್ವ ಹೆದರಿದ್ದಷ್ಟು ಭಯ ಆಗಲಿಲ್ಲ. ಮಣ್ಣಿನ ಹಸಿ ವಾಸನೆಯೇ ಮುಂದಾಗಿತ್ತು. ತಾನು ಉಡಿಸಿದ್ದ ಪಂಚೆಯ ಅಂಚನ್ನು ಗುರುತಿಸಿದಳು, ಅಷ್ಟೇ. ಡಾಕ್ಟರು ಎದೆಯ ಭಾಗದಲ್ಲಿ ಬೆರಳಿನಿಂದ ಮೆಲ್ಲಗೆ ಹುಡುಕಿ, ನವಣೆ ಕಾಳಿನಷ್ಟು ಸಣ್ಣ, ಗಟ್ಟಿ, ಕಪ್ಪು ಗಂಟುಗಳನ್ನು ಒಂದೊಂದಾಗಿ ಆರಿಸಿ ಜೋಹರಾ ಹಿಡಿದಿದ್ದ ಡಬ್ಬಿಗೆ ಹಾಕಿದರು. ಒಂದನ್ನು ಫಕೀರವ್ವ ಕೇಳಿ ಅಂಗೈಯಲ್ಲಿ ತೆಗೆದುಕೊಂಡಳು. ಕಲ್ಲಿನಷ್ಟೇ ಗಟ್ಟಿ. ತನ್ನನ್ನು ಉಳಿಸಿಕೊಳ್ಳಲು ಅವನ ಮೈ ಹಗಲು ರಾತ್ರಿ ಕೂತು ಇದನ್ನು ಕಟ್ಟಿತಲ್ಲ ಎಂದುಕೊಂಡಳು. ಅವನು ಗೋಡೆಗೊರಗಿ ಕಣ್ಣು ಮುಚ್ಚಿದ್ದಾಗಲೂ ಒಳಗೆ ಈ ಕೆಲಸ ನಡೆದೇ ಇತ್ತು. ಅದನ್ನು ಡಬ್ಬಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

ವಿಚಾರಣೆ ಪ್ರಯೋಗಾಲಯದಲ್ಲೇ ನಡೆಯಬೇಕಾಯಿತು. ಒಂದು ಕಣ ತನ್ನ ಬೆಳಕನ್ನು ಒಂದೇ ಸಲ ಕೊಡುತ್ತದೆ, ಕೊಟ್ಟ ಮೇಲೆ ಖಾಲಿ. ಹಾಗಾಗಿ ಮೊದಲೇ ಓದಿ ಬರೆದು ತಂದರೆ ಕಂಪನಿ ನಂಬುವುದಿಲ್ಲ, ನಂಬದವರಿಗೆ ಮತ್ತೆ ತೋರಿಸಲು ಏನೂ ಉಳಿದಿರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡಬೇಕೆಂದು ಆಯುಕ್ತೆಯೇ ತೀರ್ಮಾನಿಸಿದರು. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಆಯುಕ್ತೆ, ಕಂಪನಿಯ ವಕೀಲರು, ಅವರು ಕರೆತಂದ ಒಬ್ಬ ತಜ್ಞರು, ಹುಲಗಪ್ಪ, ಫಕೀರವ್ವ, ದುರಗವ್ವ ಒಬ್ಬರಿಗೊಬ್ಬರು ಮೊಣಕಾಲು ತಾಗುವಂತೆ ಕೂತರು. ಹುಲಗಪ್ಪನ ಉಸಿರಿನ ಸಿಳ್ಳೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಜೋಹರಾ ಮೊದಲು ಸುರಂಗದ ಬಾಯಿಯ ಹೊರಗಿನ ದೂಳನ್ನು ಇಟ್ಟರು. ಅದನ್ನು ಆಯುಕ್ತೆಯ ಸಿಬ್ಬಂದಿಯೇ ಗುಡಿಸಿ ಸೀಲು ಹಾಕಿ ತಂದದ್ದು. ದೀಪ ಆರಿತು, ಯಂತ್ರ ಗುಂಯ್‌ಗುಟ್ಟಿತು. ಪರದೆ ಕಪ್ಪಾಗಿಯೇ ಉಳಿಯಿತು. ಎಲ್ಲೋ ಒಂದೆರಡು ಚುಕ್ಕೆ ಹುಟ್ಟಿದ ಹಾಗೆ ಕಂಡು ಅಡಗಿದವು. ಹುಲಗಪ್ಪನ ದೂಳು ಇಟ್ಟಾಗ ಪರದೆ ತುಂಬಿತು. ತಜ್ಞರು ಮುಂದಕ್ಕೆ ಬಾಗಿ ನೋಡಿದರು.

ವಕೀಲರು ಸುಮ್ಮನೆ ಒಪ್ಪುವವರಲ್ಲ. ಸುರಂಗದೊಳಗೂ ದೀಪಗಳಿರುತ್ತವೆ, ಕೆಲಸಗಾರರ ತಲೆಯ ಮೇಲೂ ದೀಪ. ಒಳಗಿನ ದೂಳಾದರೂ ಆ ಬೆಳಕಿಗೆ ಖಾಲಿಯಾಗಿರಬೇಕಿತ್ತಲ್ಲ ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ ಎಂದು ಜೋಹರಾ ಒಪ್ಪಿಕೊಂಡರು. ತಾವೂ ಅದನ್ನೇ ಯೋಚಿಸಿ, ಅಂಥದೇ ದೀಪದ ಕೆಳಗೆ ಒಳಗಿನ ದೂಳನ್ನು ಹಿಡಿದು ನೋಡಿದ್ದಾಗಿ ಹೇಳಿದರು. ಬಿಸಿಲಿಗೆ ಹೋಲಿಸಿದರೆ ಆ ದೀಪ ಏನೂ ಅಲ್ಲ. ಕಲ್ಲಿನಿಂದ ಎದ್ದ ದೂಳು ಮೂಗಿನೊಳಗೆ ಹೋಗುವಷ್ಟು ಹೊತ್ತಿನಲ್ಲಿ ಅದು ಕಳೆದುಕೊಳ್ಳುವುದು ಲೆಕ್ಕಕ್ಕೇ ಬಾರದಷ್ಟು. ಬೇಕಾದರೆ ಈಗಲೇ ತೋರಿಸುತ್ತೇನೆ ಎಂದರು. ವಕೀಲರು ತಮ್ಮ ತಜ್ಞರ ಕಡೆ ತಿರುಗಿದರು. ಅದು ನಿಜ ಎಂದರು ತಜ್ಞರು, ಮೆಲ್ಲಗೆ.

ಕಡೆಗೆ ಯಮನೂರಪ್ಪನ ಡಬ್ಬಿ. ಗಂಟುಗಳನ್ನು ಕೆಂಪು ದೀಪದಲ್ಲೇ ಬಿಡಿಸಿ, ಒಳಗಿನ ದೂಳನ್ನು ತೊಳೆದು, ಉಗುರಿನಷ್ಟು ಅಗಲದ ತಟ್ಟೆಯ ಮೇಲೆ ಹರಡಲು ಹೊತ್ತು ಹಿಡಿಯಿತು. ಯಾರೂ ಏಳಲಿಲ್ಲ.  ಗಂಟುಗಳು ಇದ್ದದ್ದು ಕೆಲವೇ. ಮಣ್ಣಿನ ತೇವವೋ, ಬೇರಾವುದೋ ಕಾರಣವೋ ಕೆಲಸ ಕೆಡಿಸಿದ್ದರೆ ಮತ್ತೊಮ್ಮೆ ಅಗೆಯುವುದಕ್ಕೆ ಫಕೀರವ್ವ ಒಪ್ಪುತ್ತಿರಲಿಲ್ಲ, ಅತ್ತೆಯನ್ನು ಕೇಳುತ್ತಲೂ ಇರಲಿಲ್ಲ.

ದೀಪ ಆರಿತು.

ಒಂದು ಗಳಿಗೆ ಏನೂ ಇಲ್ಲ. ಫಕೀರವ್ವ ಅತ್ತೆಯ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ಆಮೇಲೆ ಪರದೆಯ ನಟ್ಟನಡುವೆ ಒಂದು ಚುಕ್ಕೆ. ಅದು ಒಂದೇ ಇದ್ದು ಬೆಳಗಿತು, ಉಳಿದವನ್ನು ಕರೆಯುವ ಹಾಗೆ. ಅದರ ಬೆನ್ನಿಗೇ ಇಡೀ ಪರದೆ ಒಮ್ಮೆಲೇ ಎದ್ದಿತು. ಹುಲಗಪ್ಪನದರಲ್ಲಿ ಚುಕ್ಕೆಗಳ ನಡುವೆ ಕತ್ತಲು ಕಾಣುತ್ತಿತ್ತು. ಇಲ್ಲಿ ನೀಲಿಯ ಮೇಲೆ ನೀಲಿ, ಸಂದಿಲ್ಲದ ಹಾಗೆ. ಪರದೆಯ ಬೆಳಕಿಗೆ ಕೂತವರ ಮುಖಗಳು ಕಂಡವು. ವಕೀಲರ ಬಾಯಿ ಸ್ವಲ್ಪ ತೆರೆದಿತ್ತು. ಆಯುಕ್ತೆ ಬರೆಯಲು ಹಿಡಿದ ಪೆನ್ನು ಹಾಗೇ ನಿಂತಿತ್ತು. ಹುಲಗಪ್ಪ ಗೆಳೆಯನ ಹೆಸರನ್ನು ಉಸಿರಿನಲ್ಲೇ ಹೇಳಿದ.

ಗುಡ್ಡ ಹುಟ್ಟಿದಂದಿನಿಂದ ಕತ್ತಲಲ್ಲಿ ಕೂತಿದ್ದದ್ದು, ಯಾವ ಕಣ್ಣಿಗೂ ಬೀಳದೆ ತುಂಬಿಕೊಂಡದ್ದು, ಯಮನೂರಪ್ಪ ಒಂದು ಉಸಿರು ಎಳೆದುಕೊಂಡಾಗ ಅವನೊಳಗೆ ಹೋಗಿ, ಅವನ ಜೊತೆ ಮನೆಗೆ ಬಂದು, ರೊಟ್ಟಿ ತಿಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಣ್ಣಿಗೂ ಅವನ ಜೊತೆಯೇ ಇಳಿದಿತ್ತು.  

ಬೆಳಕು ಇಳಿಯತೊಡಗಿತು. ಅಂಚಿನಿಂದ ಒಳಕ್ಕೆ ಆರುತ್ತ ಬಂದು, ಕಡೆಗೆ ಒಂದೆರಡು ಉಳಿದು, ಅವೂ ಹೋದವು.

"ಇನ್ನೊಮ್ಮೆ ತೋರಿಸಬಹುದೇ?" ಎಂದರು ಆಯುಕ್ತೆ. ಅದು ಅಧಿಕಾರದ ದನಿಯಾಗಿರಲಿಲ್ಲ.

"ಇಲ್ರಿ" ಎಂದರು ಜೋಹರಾ. "ಅದು ಇದ್ದದ್ದು ಇಷ್ಟೇ. ನಾವು ನೋಡಿದಿವಿ."

ವಕೀಲರು ಮತ್ತೆ ಏನೂ ಕೇಳಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ದುರಗವ್ವನ ಮುಂದೆ ಒಂದು ಕ್ಷಣ ನಿಂತು, ತಲೆ ಬಾಗಿಸಿ, ಹೊರಟುಹೋದರು.

ಬೇಸಿಗೆ ಮುಗಿಯುವುದರೊಳಗೆ ಆದೇಶ ಬಂತು. ಯಮನೂರಪ್ಪ ಸುರಂಗದೊಳಗೆ ದುಡಿದವನು, ಅವನ ಸಾವು ಆ ದುಡಿಮೆಯಿಂದ ಬಂದದ್ದು, ಕಂಪನಿ ಅವನ ಮನೆಯವರಿಗೆ ಪರಿಹಾರ ಕೊಡಬೇಕು ಎಂದಿತ್ತು. ಹುಲಗಪ್ಪನಿಗೂ ಹಾಗೆಯೇ, ಅವನ ಔಷಧೋಪಚಾರವನ್ನು ಬದುಕಿರುವವರೆಗೆ ಕಂಪನಿಯೇ ನೋಡಿಕೊಳ್ಳತಕ್ಕದ್ದು. ಕಂಪನಿ ಮೇಲಿನ ಕೋರ್ಟಿಗೆ ಹೋಯಿತು, ಅಲ್ಲೂ ಆದೇಶ ನಿಂತಿತು. ಆಮೇಲೆ ಅದೇ ಗುಡ್ಡದಲ್ಲಿ ದುಡಿದ ಬೇರೆಯವರು ಬಂದರು, ಎದೆ ತೊಳೆಸಿಕೊಂಡರು. ತೀರಿಹೋದವರ ಹೆಂಡಂದಿರೂ ಬಂದರು. ಕೆಲವರು ಮಣ್ಣು ತೆಗೆಸಿದರು, ಕೆಲವರು ಬೇಡವೆಂದರು. ಒಬ್ಬರ ಹಿಂದೊಬ್ಬರ ದೂಳು ಅದೇ ಕತ್ತಲ ಕೋಣೆಯಲ್ಲಿ ಬೆಳಗಿತು. ಕೆಲಸಗಾರ ಎಲ್ಲಿ ದುಡಿದ ಎಂಬುದನ್ನು ಅವನೇ ಸಾಬೀತು ಮಾಡಬೇಕೆಂಬ ವಾಡಿಕೆ ಸಡಿಲವಾಯಿತು. ಅವನು ಒಳಗಿರಲಿಲ್ಲ ಎನ್ನುವವರು ಅದನ್ನು ತೋರಿಸಲಿ ಎಂದಾಯಿತು. ಬಿಳಿಗಲ್ಲ ಗುಡ್ಡದಲ್ಲಿ ಉಳಿದಿದ್ದ ಸುರಂಗದ ಕೆಲಸ ಮತ್ತೆ ಶುರುವಾದಾಗ ಪ್ರತಿ ಡ್ರಿಲ್ಲಿಗೂ ನೀರಿನ ಪೈಪು ಇತ್ತು, ಗಾಳಿ ಎಳೆಯುವ ದೊಡ್ಡ ಫ್ಯಾನುಗಳಿದ್ದವು. ಹುಲಗಪ್ಪ ಒಂದು ದಿನ ಅಲ್ಲಿಯವರೆಗೆ ಹೋಗಿ, ಒಳಗಿನಿಂದ ಬಂದವರ ಮುಖ ಕೆಸರಾಗಿರುವುದನ್ನು ನೋಡಿ, ಬೆಳ್ಳಗಿಲ್ಲವಲ್ಲ ಎಂದು ಸಮಾಧಾನಪಟ್ಟು ಬಂದ. ಅವನ ಉಸಿರು ಮಾತ್ರ ಸುಧಾರಿಸಲಿಲ್ಲ. ಅದು ಸುಧಾರಿಸುವಂಥದ್ದೂ ಅಲ್ಲ.

ಇದೆಲ್ಲ ಆಮೇಲಿನ ಮಾತು. ಆದೇಶ ಬಂದ ಆ ಬೇಸಿಗೆಯಲ್ಲೇ, ಮೊದಲ ಮಳೆ ಬೀಳುವ ಮುಂಚೆ ಜೋಹರಾ ತಾವೇ ಊರಿಗೆ ಬಂದರು. ಕೈಯಲ್ಲಿ ಡಬ್ಬಿಯಿತ್ತು. ಕೊಟ್ಟ ಮಾತಿನಂತೆ ಅದರೊಳಗಿನದೆಲ್ಲವನ್ನೂ ಯಮನೂರಪ್ಪನ ಎದೆಯ ನೇರಕ್ಕೆ ಮಣ್ಣು ತೋಡಿ ಇಟ್ಟು ಮುಚ್ಚಿದರು. ಫಕೀರವ್ವ ನೀರು ಚಿಮುಕಿಸಿದಳು. ದುರಗವ್ವ ಗೋರಿಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು. ಎಲ್ಲ ಮುಗಿದ ಮೇಲೆ ಜೋಹರಾರನ್ನು ತನ್ನ ಹತ್ತಿರಕ್ಕೆ ಕರೆದಳು.

"ಆವತ್ತು ಬಂತಲ್ಲಾ ಬಾಯಾರ ಆ ಬೆಳಕ, ಅದು ಎಲ್ಲಿಗಿ ಹೋತ್ರಿ?"

ಜೋಹರಾ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಯೋಚಿಸಿ, ಹೆಚ್ಚಿನದು ಯಂತ್ರದ ಕಣ್ಣಿಗೆ ಹೋಯಿತು ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಂದಿಷ್ಟು ಸಂದಿಯಿಂದ ತಪ್ಪಿಸಿಕೊಂಡು ಹೊರಗೂ ಬಂದಿರುತ್ತದೆ. ಗೋಡೆಗೆ ಬಿದ್ದಿರುತ್ತದೆ, ಕುರ್ಚಿಗೆ ಬಿದ್ದಿರುತ್ತದೆ.

"ನಮ್ಮ ಮ್ಯಾಲೂ ಬಿದ್ದೀತೇನ್ರಿ?"

"ಬಿದ್ದಿರ್ತೈತಿ, ಅಮ್ಮಾ. ನೀವು ಎಲ್ಲಾರಿಗಿಂತ ಮುಂದ ಕುಂತಿದ್ರಿ."

ಮುದುಕಿ ಎರಡೂ ಅಂಗೈಗಳನ್ನು ಮೇಲಕ್ಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಅವನ್ನೇ ನೋಡುತ್ತ ಕೂತಳು. ಫಕೀರವ್ವ ಖಾಲಿ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹೊತ್ತಾಯಿತು ಏಳು ಎಂದು ಅತ್ತೆಗೆ ಹೇಳಬೇಕೆಂದುಕೊಂಡವಳು, ತಂಬಿಗೆ ಕೆಳಗಿಟ್ಟು ತಾನೂ ಪಕ್ಕದಲ್ಲಿ ಕೂತಳು.